ಬಳೆ ಅಳತೆಯ ದಾರ

ಹಾರಂಗಿ ಹೊಳೆದಂಡೆ,
ಫ್ರೇಸರ್‌ಪೇಟೆ ಅಂಚೆ
೧೪ ಸೆಪ್ಟೆಂಬರ್ ೧೯೫೩

ಚಿರಂಜೀವಿ ಸಣ್ಣಸ್ವಾಮಿಗೆ ಅಕ್ಕ ಕಾಮಾಕ್ಷಿಯ ಆಶೀರ್ವಾದ.

ಪತ್ರದ ತಲೆಯಲ್ಲಿ ಕ್ಷೇಮ ಎಂದು ಬರೆಯಬೇಕೆಂದು ನಿನಗೆ ಕಲಿಸಿದವಳು ನಾನೇ. ಅದನ್ನು ಮೊದಲು ಬರೆದು ಮುಗಿಸುತ್ತೇನೆ. ನಾವೆಲ್ಲ ಕ್ಷೇಮ. ಹೊಳೆ ಇಳಿದಿದೆ, ಗದ್ದೆ ಉಳಿದಿದೆ, ಸರ್ವಮಂಗಳ ಐದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ನಿಮ್ಮ ಭಾವ ಎಂದಿನಂತೆ ದಿನಕ್ಕೆ ನಾಲ್ಕು ಮಾತಾಡುತ್ತಾರೆ, ಅದರಲ್ಲಿ ಮೂರು ಎತ್ತಿನ ಜೊತೆ.

ಗೌರಿ ಹಬ್ಬ ಆಯಿತು. ಹೋದ ವರ್ಷ ಅವ್ವ ತೀರಿಕೊಂಡ ವರ್ಷ, ತವರಿನ ಬಾಗಿನ ಬರುವಂತಿರಲಿಲ್ಲ. ನಾನೂ ಕಾಯಲಿಲ್ಲ. ಈ ವರ್ಷ ಕಾದೆ. ನಿನಗೆಂದು ಎಲೆ ಹಾಕಿದ್ದೆ. ಮಧ್ಯಾಹ್ನದ ಬಸ್ಸು ಬಂತು, ನಿನ್ನ ಬದಲು ಕಂಡಕ್ಟರ್ ಒಂದು ಪೆಟ್ಟಿಗೆ ಇಳಿಸಿಹೋದ. ವಿರಾಜಪೇಟೆ ಅಂಗಡಿಯ ಪೌಡರ್ ಡಬ್ಬಿ, ಸೆಂಟಿನ ಸೋಪು, ಒಂದು ಡಜನ್ ಹಸಿರು ಬಳೆ, ಆಮೇಲೆ ಎರಡು ಕಪ್ಪು, ಎರಡು ಸಾಸರು. ತವರಿನದು ಎಂದು ಅವನ್ನೂ ಗೌರಮ್ಮನ ಮುಂದೆ ಇಟ್ಟೆ. ಅವಳೇನೂ ಅನ್ನಲಿಲ್ಲ.

ಬಳೆ ಸರಿಯಾಗಿವೆ, ಅವ್ವ ತರುತ್ತಿದ್ದ ಅಳತೆಯೇ. ನಿನ್ನ ಸೆಂಟಿನ ಸೋಪು ಹಚ್ಚಿ ಹಚ್ಚಿ ಏರಿಸಬೇಕಾಯಿತು, ನನ್ನ ಕೈ ಅಷ್ಟು ದಪ್ಪ. ಇಡೀ ದಿನ ಕೈ ಘಮಘಮ ಎನ್ನುತ್ತಿತ್ತು.

ಸಣ್ಣ, ನಿನಗೆ ನೆನಪಿದೆಯಾ? ಅವ್ವ ತಂಬಿಟ್ಟು ಕಟ್ಟುವಾಗ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಉಂಡೆಯ ನೆತ್ತಿಯನ್ನೂ ನಿನ್ನ ಹೆಬ್ಬೆರಳಿನಿಂದ ಒತ್ತಿಸುತ್ತಿದ್ದಳು. ಆ ಗುಳಿಗೆ ತುಪ್ಪ ಬಿಟ್ಟು ಬತ್ತಿ ಇಟ್ಟು ಗೌರಮ್ಮನಿಗೆ ಆರತಿ. ನನ್ನ ಮದುವೆಯಾದ ಮೇಲೂ ಅವ್ವನ ಮೊರದಲ್ಲಿ ನಿನ್ನ ಹೆಬ್ಬೆರಳಿನ ಗುಳಿ ಇರುತ್ತಿತ್ತು. ಮುಂದಿನ ವರ್ಷ ಅಂಗಡಿ ಸಾಮಾನು ಬೇಡ. ನಾಲ್ಕು ತಂಬಿಟ್ಟು ಕಟ್ಟಿಕೊಂಡು ನೀನು ಬಾ, ಸಾಕು.

ಅಕ್ಕ


ಶ್ರೀಮಂಗಲ
೨ ಅಕ್ಟೋಬರ್ ೧೯೫೩

ಮಾತೃಸಮಾನಳಾದ ಅಕ್ಕನಿಗೆ ಸಣ್ಣಸ್ವಾಮಿಯ ನಮಸ್ಕಾರ.

ಪತ್ರ ತಲುಪಿತು, ವಿಷಯ ತಿಳಿಯಿತು. ಈ ಮೂಲಕ ತಿಳಿಸುವುದೇನೆಂದರೆ, ಗೌರಿ ಹಬ್ಬದ ಹೊತ್ತಿಗೇ ಎಸ್ಟೇಟಿನಲ್ಲಿ ಏಲಕ್ಕಿ ಪಿಕ್ಕಿಂಗ್ ಶುರುವಾಗುತ್ತದೆ. ಬೆಳಿಗ್ಗೆ ಲೈನುಮನೆ ಕೂಲಿಯವರ ಹಾಜರಿ, ಸಂಜೆ ಬುಟ್ಟಿಗಳ ತೂಕ. ಲೆಕ್ಕ ಬರೆಯುವ ರೈಟರ್ ನಾನಿಲ್ಲದಿದ್ದರೆ ಎರಡೂ ನಿಲ್ಲುತ್ತವೆ. ಆದ್ದರಿಂದ ಬರಲಾಗಲಿಲ್ಲ.

ತಂಬಿಟ್ಟಿನ ವಿಷಯ ಬರೆದಿದ್ದೀಯ. ಕ್ವಾರ್ಟರ್ಸಿನಲ್ಲಿ ಅವ್ವನ ಒಲೆ ಇದೆ, ಅವ್ವ ಇಲ್ಲ. ನಾನೊಬ್ಬನೇ ಅನ್ನ ಸಾರು ಮಾಡಿಕೊಳ್ಳುತ್ತೇನೆ. ಪಾಕ ಹಿಡಿಯುವುದು ಗಂಡಸರ ಕೆಲಸವಲ್ಲ. ಅದೂ ಅಲ್ಲದೆ ನಾಲ್ಕು ಜನ ಸೇರಿದ ಕಡೆ ನನ್ನ ಅಕ್ಕ ನಾಲ್ಕು ಉಂಡೆ ಇಟ್ಟುಕೊಂಡು ಕೂರುವುದು ಬೇಡ. ಅವಳ ತವರು ಏನೆಂದು ನೋಡುವವರು ಚೆನ್ನಾಗಿ ನೋಡಲಿ. ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಕಳಿಸುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸುವುದು.

ಸಣ್ಣಸ್ವಾಮಿ


ಹಾರಂಗಿ ಹೊಳೆದಂಡೆ
೪ ಸೆಪ್ಟೆಂಬರ್ ೧೯೫೪

ಚಿರಂಜೀವಿ ಸಣ್ಣಸ್ವಾಮಿಗೆ ಆಶೀರ್ವಾದ. ಕ್ಷೇಮ.

ಈ ಸಲದ ಪೆಟ್ಟಿಗೆ ಹೋದ ಸಲದ್ದಕ್ಕಿಂತ ದೊಡ್ಡದು. ಕಂಡಕ್ಟರಿಗೆ ಅದನ್ನು ಇಳಿಸುವಾಗ ಸೊಂಟ ಹಿಡಿಯಿತಂತೆ. ಗೋಡೆ ಗಡಿಯಾರ ನೋಡಿ ಸರ್ವಮಂಗಳ ಕುಣಿದಳು. ನಿಮ್ಮ ಭಾವ ಅದನ್ನು ಮೊಳೆಗೆ ತಗುಲಿಹಾಕಿ ಎದುರು ಕೂತು ಒಂದು ಗಂಟೆ ನೋಡಿದರು. ಆಮೇಲೆ ಎದ್ದು ಸೂರ್ಯನನ್ನು ನೋಡಿ ಸರಿಯಾಗಿದೆ ಎಂದು ಒಪ್ಪಿಕೊಂಡರು.

ಎಲೆ ಹಾಕಿದ್ದೆ. ಪಕ್ಕದ ಮನೆ ಹೊನ್ನಮ್ಮ ಬಂದವಳು ಎಲೆ ನೋಡಿ, "ಏನ್ ಕಾಮಾಕ್ಷಿ, ಈ ಸಲಾನೂ ನಿನ್ ತಮ್ಮ ಬರ್ನಿಲ್ವಾ?" ಎಂದಳು. ಅವನೀಗ ದೊಡ್ಡ ಆಫೀಸರು, ಅವನು ಒಂದು ದಿನ ಬಂದರೆ ಏಲಕ್ಕಿ ಗಿಡಗಳೆಲ್ಲ ಅಳುತ್ತವೆ ಎಂದು ಹೇಳಿದೆ. ನಕ್ಕಳು. ಎಲೆಯನ್ನು ಹಸುವಿಗೆ ಕೊಟ್ಟೆ.

ಬಳೆ ಈ ಸಲ ಸಡಿಲ, ಸೋಪಿಲ್ಲದೆಯೇ ಏರಿದವು. ಬಟ್ಟೆ ಒಗೆಯುವಾಗ ಎರಡು ಜಾರಿ ಹೊಳೆ ಪಾಲಾದವು. ಅಂಗಡಿಯವನ ಅಳತೆ ತಪ್ಪಿರಬೇಕು. ಅದಕ್ಕೆ ಅವನ ಜೊತೆ ಜಗಳಕ್ಕೆ ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಗಡಿಯಾರದ ಬದಲು ಅದು ತೋರಿಸುವ ಒಂದು ದಿನ ಕೊಟ್ಟಿದ್ದರೆ ಸಾಕಾಗಿತ್ತು.

ಅಕ್ಕ


ಶ್ರೀಮಂಗಲ
೨೫ ಸೆಪ್ಟೆಂಬರ್ ೧೯೫೪

ಅಕ್ಕನಿಗೆ ನಮಸ್ಕಾರ.

ಅಂಗಡಿಗೆ ಹೋಗಿ ಕೇಳಿದೆ. ಹೋದ ವರ್ಷದ ಅಳತೆಯನ್ನೇ ಕೊಟ್ಟಿದ್ದೇನೆಂದು ಅವನು ಬಳೆಯ ಮೇಲೆ ಬಳೆ ಇಟ್ಟು ತೋರಿಸಿದ. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು. ಕಪ್ಪು ಸಾಸರು ಕಳಿಸಿದರೆ ನಗೆ, ಗಡಿಯಾರ ಕಳಿಸಿದರೆ ಕುಟುಕು, ಬಳೆ ಕಳಿಸಿದರೆ ಸಡಿಲ. ನಾನು ಕೊಟ್ಟದ್ದರಲ್ಲಿ ಏನಾದರೊಂದು ಕೊರತೆ ನಿನಗೆ ಕಾಣುತ್ತದೆ.

ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ. ಅವ್ವನ ಹನ್ನೊಂದನೇ ದಿನ ಭಾವ ಇಲ್ಲಿ ನಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಊರಿಂದ ಬಂದವರ ಜೊತೆ ಮಾತಾಡುತ್ತಿದ್ದರು. ನಾನು ಹಿಂದೆ ಕೊಡ ಹಿಡಿದು ನಿಂತಿದ್ದೆ. "ಅತ್ತೆ ಹೋದ್ರು. ಇನ್ನೇನೈತೆ, ಇವ್ಳ ತವ್ರು ಮುಗೀತು ಕಣಯ್ಯ" ಎಂದರು. ನನ್ನ ಕಿವಿಯಾರೆ ಕೇಳಿದೆ.

ನಾನು ಬದುಕಿದ್ದೇನೆ ಅಕ್ಕ. ನಾನಿರುವಾಗ ನಿನ್ನ ತವರು ಹೇಗೆ ಮುಗಿಯುತ್ತದೆ? ಭಾವನ ಬಾಯಿ ಮುಚ್ಚಿಸುವಂಥದ್ದನ್ನು ನಿನ್ನ ಮುಂದೆ ಇಡಲು ಆದ ದಿನ ನಿಮ್ಮ ಹೊಸ್ತಿಲು ತುಳಿಯುತ್ತೇನೆ. ಅಲ್ಲಿಯವರೆಗೆ ನನಗೆ ಎಲೆ ಹಾಕಬೇಡ.

ಸಣ್ಣಸ್ವಾಮಿ


ಹಾರಂಗಿ ಹೊಳೆದಂಡೆ
೨೦ ಜನವರಿ ೧೯೫೫

ನನ್ನ ಸಣ್ಣನಿಗೆ ಅಕ್ಕನ ಆಶೀರ್ವಾದ. ಕ್ಷೇಮ.

ನಾಲ್ಕು ತಿಂಗಳು ಪತ್ರವಿಲ್ಲ, ಅಕ್ಕ ಸಿಟ್ಟಾದಳು ಎಂದುಕೊಂಡಿರುತ್ತೀಯ. ಸಿಟ್ಟಲ್ಲ. ದಸರಾ ಮುಗಿದ ಮೇಲೆ ಮೈಸೂರಿಗೆ ಹೋಗಿದ್ದೆವು. ನಿಮ್ಮ ಭಾವನಿಗೆ ಬೆನ್ನುನೋವು, ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಹದಿನೇಳು ದಿನ ಅಲ್ಲೇ ಉಳಿಯಬೇಕಾಯಿತು. ಡಾಕ್ಟರು ಒಳ್ಳೆಯವರು. ಜೊತೆಗೆ ಬಂದವಳೆಂದು ನನಗೂ ಒಂದು ಟಾನಿಕ್ ಬಾಟಲಿ ಕೊಟ್ಟರು. ಊರಿಗೆ ಹೋಗಿ ಇಷ್ಟವಾದದ್ದು ತಿಂದುಕೊಂಡು ನೆಮ್ಮದಿಯಾಗಿರಿ ಎಂದರು.

ಈಗ ನಿನ್ನ ಬಾವಿಕಟ್ಟೆಯ ಮಾತು. ಅವರು ಹಾಗೆ ಅಂದದ್ದು ನಿಜ, ನಾನು ಎದುರಿಗೇ ಇದ್ದೆ. ನೀನು ಹಿಂದೆ ನಿಂತಿದ್ದೆ, ನಿನಗೆ ಅವರ ಬೆನ್ನು ಮಾತ್ರ ಕಂಡಿತು. ನನಗೆ ಮುಖ ಕಾಣುತ್ತಿತ್ತು. ಟವೆಲ್ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ತಾಯಿಯಿಲ್ಲದೆ ಬೆಳೆದವರು ಅವರು. ಸಾಕು ಅಂದರೂ ಇನ್ನೊಂದು ಸೌಟು ಬಡಿಸಿದವಳು ಅವರ ಬದುಕಿನಲ್ಲಿ ನಮ್ಮ ಅವ್ವ ಒಬ್ಬಳೇ. ಮುಗಿದದ್ದು ನನ್ನ ತವರು ಮಾತ್ರವಲ್ಲ, ಅವರದೂ. ನೀನು ಅದನ್ನು ಅವಮಾನ ಎಂದು ತಿಳಿದು ಎರಡು ವರ್ಷ ಕಳೆದೆಯಲ್ಲೋ, ಪೆದ್ದ. ನಿನ್ನ ಕಾಗದ ಓದಿ ಹೇಳಿದಾಗ ಅವರು ಎದ್ದು ಕೊಟ್ಟಿಗೆಗೆ ಹೋಗಿ ಕೂತರು.

ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ. ಕೊಬ್ಬರಿ, ಬೆಲ್ಲ ಎಲ್ಲ ಸರ್ವಮಂಗಳ ಹೆಚ್ಚಿದ್ದು, ಅದಕ್ಕೇ ಒಂದು ಚೂರಿದ್ದ ಹಾಗೆ ಇನ್ನೊಂದಿಲ್ಲ. ನಾನು ಈ ಸಲ ಗೋಡೆಗೆ ಒರಗಿ ಕೂತು ಹೇಳಿಕೊಟ್ಟೆ ಅಷ್ಟೆ. ನಿಮ್ಮ ಭಾವ ಕಡಲೆಕಾಯಿ ಸುಲಿದರು. ಮೂವರೂ ಒಂದೇ ಚಾಪೆಯ ಮೇಲೆ ಮೂರು ದಿನ ಕೂತೆವು. ಇಷ್ಟು ವರ್ಷ ಹಬ್ಬದಲ್ಲಿ ನಾನು ಓಡಾಡಿದ್ದೇ ಓಡಾಡಿದ್ದು, ಕೂತು ನೋಡಿರಲಿಲ್ಲ. ನೀನೊಬ್ಬ ಇರಬೇಕಿತ್ತು.

ಅಕ್ಕ


ಶ್ರೀಮಂಗಲ
೮ ಫೆಬ್ರವರಿ ೧೯೫೫

ಅಕ್ಕಾ,

ಎಳ್ಳು ಬಂತು. ಆಫೀಸಿನ ಮೇಜಿನ ಮೇಲೆ ಬಿಚ್ಚಿದೆ. ಮಾಲೀಕರು ಬೆಳ್ಯಪ್ಪನವರೂ ಒಂದು ಮುಷ್ಟಿ ತೆಗೆದುಕೊಂಡು, ಈ ಕೊಬ್ಬರಿ ಹೆಚ್ಚಿದವರಿಗೆ ನಮ್ಮಲ್ಲಿ ಗಿಡ ಸವರುವ ಪ್ರೂನಿಂಗ್ ಕೆಲಸ ಕೊಡಬಾರದು ಎಂದು ನಕ್ಕರು. ಉಳಿದದ್ದನ್ನು ಅವ್ವನ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ದಿನಕ್ಕೆ ಒಂದೊಂದು ಚಿಟಿಕೆ ತಿನ್ನುತ್ತಿದ್ದೇನೆ.

ಭಾವನ ವಿಷಯ ಓದಿ ಉತ್ತರ ಬರೆಯಲು ಕೂತು ಮೂರು ಸಲ ಹಾಳೆ ಹರಿದೆ. ಅವರ ಬೆನ್ನಿಗೆಂದು ಎಣ್ಣೆ ಕಳಿಸುತ್ತಿದ್ದೇನೆ, ಬೆಳ್ಯಪ್ಪನವರ ತಾಯಿ ಬೊಳ್ಳಮ್ಮ ಸೊಪ್ಪು ಬೇರು ಹಾಕಿ ಕಾಯಿಸಿದ್ದು. ದಿನಾ ಬಿಸಿ ಮಾಡಿ ಹಚ್ಚಿಕೊಳ್ಳಲಿ. ಭಾರ ಎತ್ತದಂತೆ ನೋಡಿಕೋ. ನೀನು ಎಲ್ಲದಕ್ಕೂ ಅವರನ್ನೇ ಕರೆಯಬೇಡ, ನಿನ್ನ ಕೆಲಸ ನೀನೇ ಮಾಡಿಕೋ.

ಈ ಗೌರಿಗೆ ನಿನಗೊಂದು ರೇಷ್ಮೆ ಸೀರೆ ಎಂದು ನಿಶ್ಚಯ ಮಾಡಿದ್ದೇನೆ. ಸಿಟ್ಟಿನಿಂದಲ್ಲ, ಅವ್ವ ಆಸೆಪಟ್ಟು ಕೊಡಿಸಲಾಗದೆ ಹೋದದ್ದು. ಬಳೆಗೆ ಮಾತ್ರ ಈ ಸಲ ನನಗೆ ಅಂಗಡಿಯವನ ಮೇಲೆ ನಂಬಿಕೆಯಿಲ್ಲ. ದಾರದಲ್ಲಿ ಅಳತೆ ಹಿಡಿದು ಕಳಿಸು.

ನಿನ್ನ ಸಣ್ಣ


ಹಾರಂಗಿ ಹೊಳೆದಂಡೆ
೧೪ ಆಗಸ್ಟ್ ೧೯೫೫

ಮಾವನವರಿಗೆ ಸರ್ವಮಂಗಳ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂದು ತುಂಬ ದಿನವಾಯಿತು. ಅವ್ವನ ಬೆರಳಿಗೆ ಕುಡುಗೋಲು ತಾಗಿದೆ, ಅದಕ್ಕೆ ನಾನು ಬರೆಯುತ್ತಿದ್ದೇನೆ ಎಂದು ಬರೆಯಲು ಅವ್ವ ಹೇಳಿದ್ದಾರೆ. ಎಲ್ಲರೂ ಕ್ಷೇಮ ಎಂದೂ ಬರೆಯಲು ಹೇಳಿದ್ದಾರೆ.

ಅಪ್ಪ ದಿನಾ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಬಳೆ ಅಳತೆ ಕಳಿಸಿದ್ದೇನೆ. ಅರಿಶಿನದ ದಾರವನ್ನು ಗೆಣ್ಣಿನ ಮೇಲೆ ಸುತ್ತಿ ಸರಿಯಾಗಿ ಗಂಟು ಹಾಕಿದ್ದೇನೆ. ಎರಡು ಸಲ ನೋಡಿದ್ದೇನೆ ಮಾವ.

ಸರ್ವಮಂಗಳ, ಏಳನೇ ಕ್ಲಾಸು


ಶ್ರೀಮಂಗಲ
೫ ಸೆಪ್ಟೆಂಬರ್ ೧೯೫೫

ಅಕ್ಕನಿಗೆ ನಮಸ್ಕಾರ. ಬೆರಳಿನ ಗಾಯ ಮಾಯಿತೆಂದು ನಂಬಿದ್ದೇನೆ.

ನಿನ್ನ ಮಗಳು ಎಂಥ ಕಳ್ಳಿ ಎಂದು ನಿನಗೆ ಗೊತ್ತಿದೆಯೋ ಇಲ್ಲವೋ. ನಿನ್ನ ಕೈ ಅಳತೆ ಕೇಳಿದರೆ ತನ್ನ ಕೈ ಅಳತೆ ಕಳಿಸಿದ್ದಾಳೆ. ದಿನಾ ನೂರು ಬುಟ್ಟಿ ತೂಗುವ ರೈಟರ್ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಾಳೆ. ದಾರದ ಸುತ್ತನ್ನು ಮೇಜಿನ ಮೇಲಿಟ್ಟು ನೋಡಿ ಒಬ್ಬನೇ ನಕ್ಕೆ. ಬೈಯಬೇಡ. ಹಬ್ಬದಲ್ಲಿ ಮಾವನ ಬಳೆ ಬೇಕೆಂದು ಆಸೆ ಇರುತ್ತದೆ, ಬಾಯಿಬಿಟ್ಟು ಕೇಳಲು ನಾಚಿಕೆ. ಆ ಅಳತೆಗೇ ಒಂದು ಡಜನ್ ಹಸಿರು ಬಳೆ ತಂದಿದ್ದೇನೆ, ಅವಳಿಗೆ ಕೊಡು. ನಿನ್ನ ಬಳೆ ಆಮೇಲೆ ನೋಡೋಣ.

ಸೀರೆ ನೋಡು. ಅರಿಶಿನ ಬಣ್ಣ, ಕೆಂಪು ಅಂಚು. ಬೊಳ್ಳಮ್ಮನವರೇ ಆರಿಸಿಕೊಟ್ಟರು. ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾನು ಬರುವುದು ಈ ಸಲವೂ ಕಷ್ಟ, ಏಲಕ್ಕಿ ಬಹಳ ಕಾಯಿ ಕಚ್ಚಿದೆ. ಮುಂದಿನ ವರ್ಷ ಖಂಡಿತ ಬರುತ್ತೇನೆ.

ಸಣ್ಣ


ಹಾರಂಗಿ ಹೊಳೆದಂಡೆ
೯ ಸೆಪ್ಟೆಂಬರ್ ೧೯೫೫

ಸಣ್ಣ,

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ನಿನಗೆ ಮರಳಿನ ಮೇಲೆ ಬರೆದು ಕಲಿಸುವಾಗ ಇಷ್ಟೇ ದೊಡ್ಡದಾಗಿ ಬರೆಯುತ್ತಿದ್ದೆ.

ಬಳೆ ಬಂದವು. ಅಳತೆ ಸರಿಯಾಗಿದೆ. ಸರ್ವಮಂಗಳನಿಗೆ ಬೈದಿಲ್ಲ.

ಸೀರೆ ಬಹಳ ಚೆನ್ನಾಗಿದೆ. ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದೇನೆ.

ನಾನು ನಿನ್ನನ್ನು ಏನೂ ಕೇಳಿದವಳಲ್ಲ. ಈಗ ಕೇಳುತ್ತೇನೆ. ಈ ಗೌರಿಗೆ ಬಾ. ನಿನ್ನ ಪಕ್ಕ ಕೂತು ಒಂದು ತುತ್ತು ಉಣ್ಣಬೇಕು ಅನ್ನಿಸಿದೆ. ಬರಿಗೈಯಲ್ಲಿ ಬರಲು ಸಂಕೋಚವಾದರೆ ನಾಲ್ಕು ತಂಬಿಟ್ಟು ಕಟ್ಟಿಕೊಂಡು ಬಾ, ಉದುರಿದರೂ ಪರವಾಗಿಲ್ಲ, ಪುಡಿಯನ್ನೇ ತಿನ್ನೋಣ. ಮುಂದಿನ ವರ್ಷ ಅನ್ನಬೇಡ.

ಅಕ್ಕ


ಶ್ರೀಮಂಗಲ
೧೫ ಸೆಪ್ಟೆಂಬರ್ ೧೯೫೫

ಅಕ್ಕಾ,

ಬರುತ್ತಿದ್ದೇನೆ. ಹದಿನೇಳನೇ ತಾರೀಖಿನ ಮೊದಲ ಬಸ್ಸು. ಈ ಪತ್ರ ನನಗಿಂತ ಅರ್ಧ ದಿನ ಮೊದಲು ಬರಬಹುದು, ಇಲ್ಲವೇ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಇಳಿಯಬಹುದು. ಆದರೂ ಬರೆಯಬೇಕು ಅನ್ನಿಸಿತು.

ನಿನ್ನ ಕಾಗದ ಓದಿ ಎದ್ದು ಬಂಗಲೆಗೆ ಹೋಗಿ ರಜೆ ಕೇಳಿದೆ. ಬೆಳ್ಯಪ್ಪನವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಮೂರು ವರ್ಷದಿಂದ ಒಂದು ದಿನ ರಜೆ ಕೇಳದವ ನೀನು. ಒಂದು ವಾರ ತಗೊಂಡು ಹೋಗು ಮಾರಾಯ" ಎಂದರು. ನಿಜ ಹೇಳುತ್ತೇನೆ ಅಕ್ಕ. ಎಲ್ಲ ವರ್ಷವೂ ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಲಿಲ್ಲ. ಏಲಕ್ಕಿಯ ಮೇಲೆ ಹಾಕಿ ಬರೆದೆ.

ಇವತ್ತು ಬೆಳಿಗ್ಗೆ ತಂಬಿಟ್ಟು ಕಟ್ಟಿದೆ, ನಾನೇ. ಅಕ್ಕಿ ಹುರಿದು ಅವ್ವನ ಬೀಸುಕಲ್ಲಿನಲ್ಲಿ ಬೀಸಿದೆ. ಹುರಿಗಡಲೆ, ಎಳ್ಳು, ಕೊಬ್ಬರಿ ಎಲ್ಲ ನೆನಪಿತ್ತು, ಪಾಕದ ಹದ ಮಾತ್ರ ನೆನಪಿರಲಿಲ್ಲ. ಮೊದಲ ಸಲ ಕಟ್ಟಿದ್ದು ಉದುರಿತು. ಎರಡನೇ ಸಲದ್ದನ್ನು ಬೊಳ್ಳಮ್ಮನವರಿಗೆ ತೋರಿಸಿದರೆ, "ಇದು ತಿಂದ್ರೆ ನಿನ್ನ ಅಕ್ಕನ ಹಲ್ಲು ಹೋಗ್ತದೆ" ಎಂದರು. ಮೂರನೇ ಸಲ ಅವರೇ ಒಲೆಯ ಪಕ್ಕ ನಿಂತು, ಎಳೆ ಬಂದ ಕೂಡಲೇ ಇಳಿಸಲು ಹೇಳಿದರು. ಹದಿನಾರು ಉಂಡೆ ಆಗಿವೆ. ಎಲ್ಲದರ ನೆತ್ತಿಯನ್ನೂ ಒತ್ತಿದ್ದೇನೆ. ನನ್ನ ಹೆಬ್ಬೆರಳು ಈಗ ದಪ್ಪ, ಗುಳಿ ಹೊಂಡವಾಗಿದೆ, ತುಪ್ಪ ಜಾಸ್ತಿ ಹಿಡಿಯುತ್ತದೆ. ಅವ್ವನ ಮೊರಕ್ಕೆ ಅರಿಶಿನ ಬಳಿದು ಒಣಗಲು ಇಟ್ಟಿದ್ದೇನೆ. ನಾನು ಇಷ್ಟು ಸಂತೋಷವಾಗಿ ಇದ್ದು ಬಹಳ ಕಾಲವಾಗಿತ್ತು.

ಭಾವನ ಕಾಲು ಹಿಡಿಯುತ್ತೇನೆ. ಅವರ ಪಕ್ಕವೇ ಕೂತು ಉಣ್ಣುತ್ತೇನೆ. ಎಲೆ ಹಾಕಬೇಡ ಎಂದು ಹಿಂದೆ ಬರೆದಿದ್ದೆ, ಅದನ್ನು ಮರೆತುಬಿಡು. ಎಲೆ ಹಾಕಿರು.

ನಿನ್ನ ಸಣ್ಣ


ಹಾರಂಗಿ ಹೊಳೆದಂಡೆ
೧೬ ಸೆಪ್ಟೆಂಬರ್ ೧೯೫೫

ಮಾವನವರಿಗೆ ಸರ್ವಮಂಗಳ ಮಾಡುವ ನಮಸ್ಕಾರಗಳು.

ಅವ್ವ ನಿನ್ನೆ ಬೆಳಿಗ್ಗೆ ತೀರಿಕೊಂಡರು. ಅಪ್ಪ ಟೆಲಿಗ್ರಾಂ ಕೊಡಲು ಹೋದರು. ನಿಮ್ಮ ಕಡೆ ಮಳೆಗೆ ತಂತಿ ಕಡಿದಿದೆ, ಹೋಗುವುದಿಲ್ಲ ಎಂದರಂತೆ. ಸಂಜೆಯವರೆಗೆ ಕಾದೆವು. ಆಮೇಲೆ ಊರಿನವರು ಇನ್ನು ಕಾಯುವಂತಿಲ್ಲ ಎಂದರು. ಹೊಳೆದಂಡೆಯಲ್ಲೇ ಸಂಸ್ಕಾರ ಮಾಡಿದರು. ಈ ಪತ್ರವನ್ನು ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ.

ಅವ್ವನಿಗೆ ಹೊಟ್ಟೆಯಲ್ಲಿ ಗೆಡ್ಡೆ ಇತ್ತು. ಮೈಸೂರಿನಲ್ಲಿ ನೋಡಿ ಏನೂ ಮಾಡಲಾಗುವುದಿಲ್ಲ ಎಂದಿದ್ದರು. ಅಪ್ಪನಿಗೆ ಬೆನ್ನುನೋವು ಯಾವತ್ತೂ ಇರಲಿಲ್ಲ. ನೀವು ಕಳಿಸಿದ್ದೆಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಿಮಗೆ ಬರೆಯುತ್ತೇನೆ ಎಂದು ನಾನು ಎಷ್ಟೋ ಸಲ ಹೇಳಿದೆ. ಅವ್ವ, "ಬ್ಯಾಡ. ಅವ್ನು ಕಾಯ್ಲೆ ನೋಡಕ್ ಬರದು ಬ್ಯಾಡ, ಹಬ್ಬುಕ್ ಬರ್ಲಿ" ಎಂದರು.

ಮುತ್ತೈದೆಗೆ ಕೊನೆಯ ಸೀರೆ ತವರಿನದೇ ಆಗಬೇಕು, ತವರಿನಿಂದ ಯಾರು ಬಂದಿದ್ದಾರೆ ಎಂದು ಹಿರಿಯರು ಕೇಳಿದರು. ಅಪ್ಪ ಎದ್ದು ಪೆಟ್ಟಿಗೆಯಿಂದ ನಿಮ್ಮ ಸೀರೆ ತಂದುಕೊಟ್ಟರು. ಅದರ ಮಡಿಕೆ ಬಿಚ್ಚಿರಲಿಲ್ಲ. ಅದನ್ನೇ ಉಡಿಸಿದರು.

ಮಾವ, ಆ ದಾರ ನನ್ನ ಕೈ ಅಳತೆಯಲ್ಲ. ನಾನು ಕಳ್ಳಿಯಲ್ಲ. ಅವ್ವನ ಕೈಗೇ ಸುತ್ತಿ ಗಂಟು ಹಾಕಿದ್ದೆ. ನಿಮ್ಮ ಪತ್ರ ಓದಿ ಅವ್ವ ನಕ್ಕರು, ಅವನು ಹಾಗೇ ತಿಳಿದುಕೊಳ್ಳಲಿ ಎಂದರು. ಆ ಬಳೆಗಳನ್ನು ನಿನ್ನೆ ಹೊನ್ನಮ್ಮನವರು ಅವ್ವನಿಗೆ ತೊಡಿಸಿದರು. ಹನ್ನೆರಡೂ ಸರಿಯಾಗಿ ಕೂತವು.

ಗೌರಿ ಹಬ್ಬ ಈ ವರ್ಷ ನಮಗಿಲ್ಲ. ಆದರೆ ಆ ದಿನ ನಿಮಗೆ ಒಂದು ಎಲೆ ಹಾಕಬೇಕು, ಬರದಿದ್ದರೂ ಹಾಕಬೇಕು ಎಂದು ಅವ್ವ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಾರೆ. ಹಾಕುತ್ತೇನೆ. ಅಪ್ಪ ಕೊಟ್ಟಿಗೆಯಲ್ಲೇ ಕೂತಿದ್ದಾರೆ. ನೀವು ಬನ್ನಿ. ಏನೂ ತರಬೇಡಿ ಮಾವ.

ಸರ್ವಮಂಗಳ